ನುಸಿ ತಾಗದ ನಿಲುವಂಗಿ

"ಈ ಬಣ್ಣ ಯಾಕೆ ಹೋಗ್ತಾ ಇಲ್ಲ?"

ಕೇಳಿದ್ದು ಯಾರನ್ನೂ ಅಲ್ಲ. ಬಣ್ಣದ ಕೋಣೆಯಲ್ಲಿ ಅವನೊಬ್ಬನೇ ಇದ್ದ. ಎದುರಿಗೆ ಕನ್ನಡಿ, ಕೈಯಲ್ಲಿ ಎಣ್ಣೆಯಲ್ಲಿ ಅದ್ದಿದ ಹತ್ತಿ. ಗಲ್ಲದ ಕೆಂಪು ಹೋಗಿತ್ತು, ಹುಬ್ಬಿನ ಕಪ್ಪು ಹೋಗಿತ್ತು, ಹಣೆಗೆ ಎಳೆದ ಸುಕ್ಕಿನ ಗೆರೆಗಳೂ ಹೋಗಿದ್ದವು. ಒಂದು ತೆಳು ಹಳದಿ ಮಾತ್ರ ಮುಖ ಬಿಟ್ಟು ಕದಲಲಿಲ್ಲ. ಎಷ್ಟು ಉಜ್ಜಿದರೂ ಅದು ಹತ್ತಿಗೆ ಹತ್ತುತ್ತಿರಲಿಲ್ಲ. ಕೊನೆಗೆ ಕೆಳರೆಪ್ಪೆಯನ್ನು ಬೆರಳಿನಿಂದ ಎಳೆದು ನೋಡಿಕೊಂಡ. ಕಣ್ಣಿನ ಬಿಳಿಯೂ ಹಳದಿಯಾಗಿತ್ತು. ಕಣ್ಣೊಳಗೆ ಬಣ್ಣ ಹಚ್ಚಿದ ನೆನಪು ಅವನಿಗಿರಲಿಲ್ಲ.

ಹೊರಗೆ ಸಭಾಂಗಣದಲ್ಲಿ ಜನ ಇನ್ನೂ ಎದ್ದಿರಲಿಲ್ಲ. ದೊರೆ ಸತ್ತ ದುಃಖದಲ್ಲಿ ಕೆಲವರು ಮೂಗು ಒರೆಸಿಕೊಳ್ಳುತ್ತ ಕೂತಿದ್ದರು. ಸಂಜೆಯ ಆಟ ಮುಗಿದಿತ್ತು.

ಬಾಗಿಲು ತಳ್ಳಿಕೊಂಡು ಪೆಟಾರಿ ಬಂದ. ನಾಟಕ ಕಂಪನಿಯ ಉಡುಪಿನ ಪೆಟ್ಟಿಗೆಗಳೆಲ್ಲ ಅವನ ವಶದಲ್ಲಿದ್ದುದರಿಂದ ಆ ಹೆಸರು. ಹೆತ್ತವರು ಇಟ್ಟ ಹೆಸರು ಏನೆಂದು ಅವನ ತಂಗಿಗೆ ಮಾತ್ರ ಗೊತ್ತಿತ್ತು. ಆ ತಂಗಿಯನ್ನೇ ಅವನು ಈ ದೊರೆಯ ಪಾತ್ರದವನಿಗೆ ಕೊಟ್ಟಿದ್ದ. ನೆಂಟಸ್ತನಕ್ಕಿಂತ ಗೆಳೆತನ ಹಳೆಯದು, ಹಾಗಾಗಿ ಇಬ್ಬರ ನಡುವೆ ಏಕವಚನವೇ ನಡೆಯುತ್ತಿತ್ತು.

"ಏನ್ ದೊರೆ, ಸತ್ತು ಇಷ್ಟು ಹೊತ್ತಾಯ್ತು, ಇನ್ನೂ ಬಟ್ಟೆ ಬಿಚ್ಚಿಲ್ವಲ್ಲ."

"ಸಾಯೋದು ಸುಲಭ ಭಾವ, ಎದ್ದು ಬರೋದೇ ಕಷ್ಟ. ಸ್ವಲ್ಪ ತೋಳು ಹಿಡಿದು ಎಳಿ, ಕೈ ಮೇಲೆತ್ತಕ್ಕೆ ಆಗ್ತಿಲ್ಲ."

ಪೆಟಾರಿ ತೋಳು ಎಳೆದ, ನಿಲುವಂಗಿಯನ್ನು ಮಗುವಿನಂತೆ ಎರಡೂ ಕೈಯಲ್ಲಿ ತೆಗೆದುಕೊಂಡ, ದೀಪಕ್ಕೆ ಹಿಡಿದು ಕುತ್ತಿಗೆ ನೋಡಿದ, ಕಂಕುಳು ನೋಡಿದ, ಬೆನ್ನು ನೋಡಿದ. ಭಾವಮೈದುನನ ಮುಖ ನೋಡಲಿಲ್ಲ.

"ಇಷ್ಟೊಂದು ಬೆವರು ಎಲ್ಲಿಂದ ತರ್ತೀಯಪ್ಪ? ಮಖಮಲ್ಲು ಏನಾಗ್ಬೇಕು?" ಎಂದ. "ಇರ್ಲಿ. ಈ ಸಲ ಪುಡಿ ಇನ್ನೊಂದು ಹಿಡಿ ಜಾಸ್ತಿ ಹಾಕ್ತೀನಿ."

ದೊರೆ ಹಗಲು ಹೊತ್ತಿನಲ್ಲಿ ದೊರೆಯಲ್ಲ. ವಾರದ ದಿನಗಳಲ್ಲಿ ನೀರು ಸರಬರಾಜು ಕಚೇರಿಯ ದೂರಿನ ಕಿಟಕಿಯ ಹಿಂದೆ ಕೂತು, ನಲ್ಲಿಯಲ್ಲಿ ನೀರು ಬಾರದವರ ಬೈಗುಳ ಕೇಳಿಸಿಕೊಳ್ಳುವುದು ಅವನ ಉದ್ಯೋಗ. ಶನಿವಾರ ಮತ್ತು ಭಾನುವಾರ ನಾಟಕ. ಅಲ್ಲಿಯೂ ಅವನು ಅರ್ಧ ಆಯುಷ್ಯವನ್ನು ಅರಮನೆಯ ಬಾಗಿಲು ಕಾಯುವವನಾಗಿಯೇ ಕಳೆದಿದ್ದ. ಇದ್ದದ್ದು ಒಂದೇ ಮಾತು: "ಮಹಾಪ್ರಭು, ಯಾರೋ ಬಂದಿದ್ದಾರೆ." ಯಾರು ಎಂದು ಹೇಳುವ ಅಧಿಕಾರವೂ ನಾಟಕ ಬರೆದವರು ಅವನಿಗೆ ಕೊಟ್ಟಿರಲಿಲ್ಲ.

ಆದರೆ ಬಾಗಿಲಲ್ಲಿ ನಿಂತವನಿಗೆ ಕಿವಿ ಇರುತ್ತದೆ. ದೊರೆಯ ಪದ್ಯಗಳನ್ನೆಲ್ಲ ಅವನು ಕೇಳಿಯೇ ಕಲಿತಿದ್ದ. ಹಳೆಯ ದೊರೆಗೆ ಮೊಣಕಾಲು ಕೈಕೊಟ್ಟಿತು. ಕೊನೆಯ ಅಂಕದಲ್ಲಿ ಸತ್ತ ಮೇಲೆ ಚಪ್ಪಾಳೆಗೆ ಏಳಲಾಗದೆ ಇಬ್ಬರು ಸೈನಿಕರು ಅವರನ್ನು ಎತ್ತಿ ನಿಲ್ಲಿಸಬೇಕಾಯಿತು. ಮುಂದಿನ ವಾರವೇ ನಿಲುವಂಗಿ ಬಾಗಿಲವನ ಮೈಮೇಲೆ ಬಂತು.

ನಾಟಕದ ಕಥೆ ಸರಳ. ನಂಬಿದ ಮಂತ್ರಿಯೇ ದೊರೆಗೆ ಪಾನಕದಲ್ಲಿ ವಿಷ ಹಾಕಿ ಕೊಡುತ್ತಾನೆ. ದೊರೆ ಕುಡಿಯುತ್ತಾನೆ. ಕೊನೆಯ ಅಂಕವಿಡೀ ಸಾಯುತ್ತಾನೆ. ಬಟ್ಟಲಲ್ಲಿ ಇರುತ್ತಿದ್ದದ್ದು ಬಣ್ಣ ಕಲಸಿದ ಸಕ್ಕರೆ ನೀರು. ಅದರಿಂದ ಯಾರಿಗೂ ಏನೂ ಆದದ್ದಿಲ್ಲ.

ನಿಲುವಂಗಿಯ ವಿಷಯ ಬೇರೆ. ಅದು ಕಂಪನಿಯಲ್ಲಿ ಬದುಕಿದ್ದವರೆಲ್ಲರಿಗಿಂತ ಹಿರಿಯದು. ನೇರಳೆ ಮಖಮಲ್ಲು, ಜರಿಯ ಅಂಚು, ಒಳಗೆ ಕಂಬಳಿಯಷ್ಟು ದಪ್ಪದ ಉಣ್ಣೆಯ ಲೈನಿಂಗ್. ಅಷ್ಟು ವರ್ಷವಾದರೂ ಅದರಲ್ಲಿ ನುಸಿ ತಿಂದ ಒಂದು ತೂತಿರಲಿಲ್ಲ. ಪೆಟಾರಿಗೆ ಜೀವನದಲ್ಲಿ ಜಂಬ ಪಡಲು ಇದ್ದದ್ದು ಅದೊಂದೇ, ಅದನ್ನು ಅವನು ಧಾರಾಳವಾಗಿಯೇ ಪಡುತ್ತಿದ್ದ.

ಬೇರೆಯವರು ನುಸಿ ಗುಳಿಗೆಯನ್ನು ಚಿಂದಿಯಲ್ಲಿ ಕಟ್ಟಿ ಪೆಟ್ಟಿಗೆಯ ಮೂಲೆಗೆ ಹಾಕುತ್ತಾರೆ. ಕಳ್ಳ ನಮ್ಮ ಮನೆಗೆ ಬರುತ್ತಾನೆಂದು ಪಕ್ಕದ ಬೀದಿಯಲ್ಲಿ ಕಾವಲು ಕೂರಿಸಿದ ಹಾಗೆ ಅದು ಎನ್ನುವುದು ಪೆಟಾರಿಯ ಮತ. ನುಸಿ ಬರುವುದು ಬೆವರು ಕುಡಿದ ಜಾಗಕ್ಕೆ, ಕಾವಲೂ ಅಲ್ಲೇ ಇರಬೇಕು. ಅದಕ್ಕೆ ಅವನು ಗುಳಿಗೆಗಳನ್ನು ಕುಟ್ಟಿ ನುಣ್ಣಗೆ ಪುಡಿ ಮಾಡಿ, ಲೈನಿಂಗಿನ ಹೊಲಿಗೆ ಬಿಚ್ಚಿ, ಕುತ್ತಿಗೆ, ಹೆಗಲು, ಕಂಕುಳು, ಬೆನ್ನು, ಎಲ್ಲೆಲ್ಲಿ ಮೈ ತಾಗುತ್ತದೋ ಅಲ್ಲೆಲ್ಲ ತುಂಬಿ, ಮತ್ತೆ ಹೊಲಿದುಬಿಡುತ್ತಿದ್ದ. ಆಮೇಲೆ ಕಿಟಕಿ ಬಾಗಿಲು ಮುಚ್ಚುತ್ತಿದ್ದ, ವಾಸನೆ ಪೋಲಾಗಬಾರದೆಂದು. ಹಳೆಯ ದೊರೆ ದಪ್ಪ ಬನಿಯನ್ನಿನ ಮೇಲೆ ನಿಲುವಂಗಿ ತೊಡುತ್ತಿದ್ದರು, ಅವರಿಗೆ ಬೆವರೇ ಬರುತ್ತಿರಲಿಲ್ಲ. ಹೊಸ ದೊರೆಗೆ ಬಣ್ಣ ತುರಿಸುತ್ತಿದ್ದುದರಿಂದ ಕುತ್ತಿಗೆಗೆ, ಎದೆಗೆ, ತೋಳಿಗೆ ಎಣ್ಣೆ ಬಳಿದುಕೊಂಡು ಬರಿಮೈಯಲ್ಲೇ ತೊಡುತ್ತಿದ್ದ. ಬೆವರಂತೂ ನೀರಿನಂತೆ ಹರಿಯುತ್ತಿತ್ತು. ಬೆವರು ಹೆಚ್ಚಿದಂತೆ ಪುಡಿಯೂ ಹೆಚ್ಚಿತು.

ಪುಡಿ ಹೆಚ್ಚಿದಂತೆ ದೊರೆಯ ಕೀರ್ತಿಯೂ ಹೆಚ್ಚಿತು.

ಮೊದಮೊದಲು ಅವನ ಸಾವು ಸುಮಾರಾಗಿತ್ತು. ವಿಷ ಏರಿದ ಮೇಲೆ ಹಾಡಬೇಕಾದ ಪದ್ಯವೊಂದಿತ್ತು:

ಕಾವರೇ ಕದ ತೆರೆದರಲ್ಲಾ
ಸಾವು ಬರುವುದ ತಡೆಯಲೊಲ್ಲರು
ಯಾವ ಬಾಗಿಲ ಬಳಿಗೆ ಹೋಗಲಿ ನನ್ನ ಮನೆಯೊಳಗೆ

ಇದನ್ನು ಅವನು ಒಂದೇ ಉಸಿರಿಗೆ, ಬಾಯಿಪಾಠ ಒಪ್ಪಿಸುವ ಮಗುವಿನ ಹಾಗೆ, ಗಟ್ಟಿಯಾಗಿ ಹೇಳಿ ದೊಪ್ಪನೆ ಬೀಳುತ್ತಿದ್ದ. ಕೆಲವು ವಾರಗಳ ಮೇಲೆ ಉಸಿರು ಎರಡನೆಯ ಸಾಲಿಗೇ ನಿಲ್ಲತೊಡಗಿತು. "ಸಾವು" ಎಂದು ನಿಂತು, ಕಂಬ ಹಿಡಿದು, ಎದೆ ಏರಿಳಿಸಿ "ಬರುವುದ" ಎನ್ನುವಾಗ ಸಭಾಂಗಣದಲ್ಲಿ ಕೆಮ್ಮುವವರೂ ಕೆಮ್ಮು ತಡೆದುಕೊಳ್ಳುತ್ತಿದ್ದರು. ತುಟಿ ಬಿಳಚಿತ್ತು. ಬೆರಳು ನಡುಗುತ್ತಿತ್ತು. ಈ ನಟ ಸಾವನ್ನು ಅಭಿನಯಿಸುವುದೇ ಇಲ್ಲ ಎಂದು ಒಂದು ಪತ್ರಿಕೆ ಬರೆಯಿತು. ಅದು ಹೊಗಳಿಕೆಯೆಂದು ಎಲ್ಲರೂ ತಿಳಿದರು.

ಕಂಪನಿಯ ಯಜಮಾನರು ಬಣ್ಣದ ಕೋಣೆಗೆ ಬಂದು ಅವನ ಗಲ್ಲ ಹಿಡಿದು ದೀಪಕ್ಕೆ ತಿರುಗಿಸಿ ನೋಡಿದರು. "ಇನ್ಮೇಲೆ ಜಾಸ್ತಿ ಬಣ್ಣ ಹಚ್ಬೇಡಿ. ನಿಮ್ಮ ಮುಖಾನೇ ಸಾಕು," ಎಂದರು.

ದೂರಿನ ಕಿಟಕಿಯಲ್ಲಿಯೂ ಅವನಿಗೆ ಮರ್ಯಾದೆ ಸಿಗತೊಡಗಿತು. ಬೈಯಲು ಬಂದವರು ಗಾಜಿನೊಳಗೆ ಇಣುಕಿ, "ಪಾಪ, ಇವರನ್ನ ಏನ್ ಕೇಳೋದು, ನಾಳೆ ಬರೋಣ" ಎಂದು ಹೋಗಿಬಿಡುತ್ತಿದ್ದರು.

ಮನೆಯಲ್ಲಿ ಮಾತ್ರ ಚಪ್ಪಾಳೆ ಇರಲಿಲ್ಲ. ಒಂದು ಸೋಮವಾರ ಸಂಜೆ ಹೆಂಡತಿ ಬಾಗಿಲು ತೆರೆದಾಗ ಅವನು ಮೆಟ್ಟಿಲ ನಡುವೆ, ಗೋಡೆಗೆ ತಲೆಯಿಟ್ಟು ಕೂತಿದ್ದ.

"ಇಲ್ಯಾಕೆ ಕೂತಿದ್ದೀರಿ?"

"ಪಾತ್ರದ ಬಗ್ಗೆ ಯೋಚನೆ ಮಾಡ್ತಿದ್ದೆ."

"ಯೋಚನೆಗೆ ಮನೇಲಿ ಕುರ್ಚಿ ಇದೆ. ಎದ್ದು ಬನ್ನಿ."

ಅವನು ಏಳಲಿಲ್ಲ. ಅವಳು ಬಂದು ಪಕ್ಕದಲ್ಲಿ ಕೂತಳು. ಅವನ ಕೈ ಹಿಡಿದು ಉಗುರು ನೋಡಿದಳು, ತನ್ನ ಉಗುರು ನೋಡಿದಳು. ಅವನ ಉಗುರಿನಲ್ಲಿ ಕೆಂಪೇ ಇರಲಿಲ್ಲ. ಎರಡು ಪ್ರಶ್ನೆ ಕೇಳಿದ ಮೇಲೆ ಮೂರನೆಯದಕ್ಕೆ ಅವನು ಬಾಯಿಬಿಟ್ಟ. ಆಟ ಮುಗಿದು ಒಂದೆರಡು ದಿನ ಮೂತ್ರ ಹಾಲಿಲ್ಲದ ಚಹಾದ ಬಣ್ಣಕ್ಕೆ ಬರುತ್ತದೆ. ವಾರದ ಕೊನೆಗೆ ತಿಳಿಯಾಗುತ್ತದೆ. ಅಷ್ಟರಲ್ಲಿ ಮತ್ತೆ ಶನಿವಾರ.

"ಇದನ್ನ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ವಾಸಿ ಮಾಡಿಸ್ತೀಯ ಅಂತ."

ಅವಳು ಮರುದಿನವೇ ಅವನನ್ನು ಆಸ್ಪತ್ರೆಗೆ ಹೊರಡಿಸಿದಳು. ದಾರಿಯಲ್ಲಿ ಬಿದ್ದರೆ ಹಿಡಿದುಕೊಳ್ಳಲಿ ಎಂದು ಅಣ್ಣನನ್ನೂ ಕರೆದಳು. ಪೆಟಾರಿ ಕೈ ತೊಳೆದು, ಒಳ್ಳೆಯ ಅಂಗಿ ತೊಟ್ಟು ಬಂದ.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ನೆಗಡಿಯಾದಂತೆ ಮೂಗು ಒರೆಸಿಕೊಳ್ಳುತ್ತಿದ್ದಳು. ರಕ್ತ ತೆಗೆಸಿ, ವರದಿ ಬರುವವರೆಗೆ ಹೊರಗೆ ಕೂರಿಸಿ, ಮಧ್ಯಾಹ್ನ ಮೂವರನ್ನೂ ಒಳಗೆ ಕರೆದಳು.

"ಸೋಮವಾರ ಮಂಗಳವಾರ ಜಾಸ್ತಿ ಆಗತ್ತೆ ಅಂದ್ರಿ. ಶನಿವಾರ ಭಾನುವಾರ ಏನು ಮಾಡ್ತೀರಿ?"

"ಸಾಯ್ತೀನಿ," ಎಂದ ದೊರೆ.

ಡಾಕ್ಟರ ಪೆನ್ನು ನಿಂತಿತು.

"ನಾಟಕದಲ್ಲಿ, ಡಾಕ್ಟ್ರೇ," ಎಂದಳು ಹೆಂಡತಿ. "ಅಲ್ಲಿ ಸತ್ತು ಮನೇಲಿ ಮುಂದುವರಿಸ್ತಾರೆ."

ಡಾಕ್ಟರಿಗೆ ನಗು ಬರಲಿಲ್ಲ. "ನಿಮ್ಮ ಮೈಯಲ್ಲಿ ಇರಬೇಕಾದ ರಕ್ತಕ್ಕೆ ಅರ್ಧಾನೂ ಇಲ್ಲ. ತಯಾರಾಗ್ತಾ ಇಲ್ಲ ಅಂತಲ್ಲ. ಕೆಂಪು ಕಣಗಳು ಹುಟ್ತಾ ಇವೆ, ಆದ್ರೆ ಕಾಲ ತುಂಬೋ ಮುಂಚೆ ಸಾಯ್ತಾ ಇವೆ."

"ನನ್ನ ಹಾಗೇ," ಎಂದ ದೊರೆ, ಸ್ವಲ್ಪ ಹೆಮ್ಮೆಯಿಂದ.

"ಒಂದು ಕಣಕ್ಕೆ ಸುಮಾರು ನಾಲ್ಕು ತಿಂಗಳ ಆಯಸ್ಸು. ವಯಸ್ಸಾದಾಗ ಅದರ ಮೈಪೊರೆಯಲ್ಲಿ ಒಳಗಡೆ ಇರಬೇಕಾದ ಪದರ ಹೊರಗೆ ಬಂದುಬಿಡತ್ತೆ." ಅವಳು ತನ್ನ ಬಿಳಿ ಕೋಟನ್ನು ಬಿಚ್ಚಿ, ತೋಳನ್ನು ಮಗುಚಿ ಹೊಲಿಗೆ ಕಾಣುವಂತೆ ತೋರಿಸಿದಳು. "ಹೀಗೆ. ಗುಲ್ಮ ಅಂತ ಒಂದು ಅಂಗ ಇದೆ, ಅಲ್ಲಿ ಕಾವಲಿನ ಕಣಗಳಿರ್ತವೆ. ಯಾರು ಲೈನಿಂಗ್ ಹೊರಗೆ ಮಾಡ್ಕೊಂಡು ಬರ್ತಾರೋ, ಇವನ ಕಾಲ ಮುಗೀತು ಅಂತ ನುಂಗಿಬಿಡ್ತವೆ. ಅದು ಅವುಗಳ ಕೆಲಸ. ಆದ್ರೆ ಮೈಗೆ ಕೆಲವು ವಿಷ ಸೇರಿದ್ರೆ ಎಳೇ ಕಣಗಳೂ ಹೀಗೇ ಅಂಗಿ ತಿರುಗಿಸ್ಕೊಂಡು ಬಿಡ್ತವೆ. ಇನ್ನು ಕೆಲವು ದಾರೀಲೇ ಒಡೆದು ಹೋಗ್ತವೆ. ನಿಮ್ಮ ಮೂತ್ರದ ಬಣ್ಣ ಅದೇ."

ಲೈನಿಂಗ್ ಎಂಬ ಮಾತು ಕಿವಿಗೆ ಬಿದ್ದದ್ದೇ ಪೆಟಾರಿ ಕುರ್ಚಿಯ ತುದಿಗೆ ಬಂದ. "ಅಂದ್ರೆ ಹುಡುಗನಿಗೆ ಮುದುಕನ ವೇಷ ಹಾಕಿ ಕಳಿಸಿದ ಹಾಗೆ."

"ಹೌದು. ನೋಡೋರು ನಂಬಿಬಿಡ್ತಾರೆ."

"ಥೂ. ಯಾರು ಹಾಕೋದು ಆ ವೇಷನ?"

"ಅದನ್ನೇ ಹುಡುಕ್ತಾ ಇದ್ದೀನಿ. ಸೀಸ ಇರ್ಬಹುದು, ತಾಮ್ರ ಇರ್ಬಹುದು, ಯಾವುದೋ ಮಾತ್ರೆ ಇರ್ಬಹುದು. ಮುಖಕ್ಕೆ ಹಚ್ಚೋ ಬಣ್ಣ ಯಾವುದು?"

ಬಣ್ಣದ ಡಬ್ಬಿಯನ್ನು ಹೆಂಡತಿ ಚೀಲದಲ್ಲಿ ತಂದಿದ್ದಳು. ಡಾಕ್ಟರು ತಿರುಗಿಸಿ ಓದಿ ಪಕ್ಕಕ್ಕಿಟ್ಟಳು. ಮಾತ್ರೆ ತೆಗೆದುಕೊಳ್ಳುವುದಿಲ್ಲ. ಕಚೇರಿಯಲ್ಲಿ ಕಾಗದ ಬಿಟ್ಟರೆ ಬೇರೇನಿಲ್ಲ. ಅವಳು ಮತ್ತೆ ಮೂಗು ಒರೆಸಿಕೊಂಡಳು.

"ಬೆಳಗ್ಗೆಯಿಂದ ನೋಡ್ತಿದ್ದೀನಿ. ನೀವು ಬಂದಾಗಿನಿಂದ ಇಲ್ಲೇನೋ ವಾಸನೆ."

"ಅದು ನಂದು," ಎಂದ ಪೆಟಾರಿ. ಅವನ ಮುಖ ಅರಳಿತು. ಇಷ್ಟು ಓದಿದವರು ತಾವಾಗಿ ಕೇಳಿದ್ದು ಇದೇ ಮೊದಲು. ಮೂಲೆಯಲ್ಲಿ ಚಿಂದಿ ಕಟ್ಟಿಡುವವರ ದಡ್ಡತನದಿಂದ ಶುರುಮಾಡಿ, ಗುಳಿಗೆಯನ್ನು ಎಷ್ಟು ನುಣ್ಣಗೆ ಕುಟ್ಟಬೇಕು, ಲೈನಿಂಗಿನ ಹೊಲಿಗೆ ಎಲ್ಲಿ ಬಿಚ್ಚಬೇಕು, ಬೆವರು ಯಾವ ಜಾಗ ಕುಡಿಯುತ್ತದೆ, ಕಿಟಕಿ ಯಾಕೆ ಮುಚ್ಚಬೇಕು, ಭಾವಮೈದುನನ ಎಣ್ಣೆಮೈಯಿಂದಾಗಿ ಪುಡಿಯನ್ನು ಹೇಗೆ ವಾರವಾರವೂ ಹೆಚ್ಚಿಸಬೇಕಾಯಿತು, ಎಲ್ಲವನ್ನೂ ಒಂದೂ ಬಿಡದೆ ವಿವರಿಸಿದ. ಕೊನೆಗೆ ಜೇಬಿನಿಂದ ಬಿಳಿ ಗುಳಿಗೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟ.

"ಇಟ್ಕೊಳಿ. ನಿಮ್ಮ ಕೋಟಿಗೆ ಒಳ್ಳೇದು."

ಯಾರೂ ಅದನ್ನು ಮುಟ್ಟಲಿಲ್ಲ. ಮೊದಲು ಅರ್ಥವಾದದ್ದು ತಂಗಿಗೆ. ಅವಳು ಅಣ್ಣನನ್ನು ನೋಡಲಾರದೆ ಕಿಟಕಿ ನೋಡಿದಳು. ಆಮೇಲೆ ದೊರೆಗೆ ಅರ್ಥವಾಯಿತು. ಪೆಟಾರಿ ಮಾತ್ರ ಒಬ್ಬೊಬ್ಬರ ಮುಖವನ್ನೂ ನೋಡುತ್ತ, ತಾನು ಎಲ್ಲಿ ತಪ್ಪು ಹೇಳಿದೆ ಎಂದು ಹುಡುಕುತ್ತ ಕೂತಿದ್ದ.

"ನುಸಿ ಸಾಯೋದು ಯಾವುದರಿಂದ ಅಂತ ತಿಳ್ಕೊಂಡಿದ್ರಿ?" ಎಂದು ಡಾಕ್ಟರು ಮೆಲ್ಲಗೆ ಕೇಳಿದಳು.

"ವಾಸನೆಯಿಂದ."

"ಆ ವಾಸನೆ ಅಂದ್ರೆ ವಿಷಾನೇ. ಎಣ್ಣೆ ಹಚ್ಚಿದ ಮೈಗೆ ಇನ್ನೂ ಬೇಗ ಇಳಿಯತ್ತೆ. ಎಲ್ಲರಿಗೂ ಇಷ್ಟು ಆಗಲ್ಲ. ಕೆಂಪು ಕಣವನ್ನ ಕಾಯೋ ಒಂದು ಕಿಣ್ವ ಇರತ್ತೆ, ಕೆಲವರಿಗೆ ಅದು ಹುಟ್ಟಿನಿಂದಲೇ ಕಮ್ಮಿ. ಇವರಿಗೂ ಹಾಗೇ ಇರ್ಬೇಕು, ಪರೀಕ್ಷೆ ಮಾಡಿಸ್ತೀನಿ. ಇವತ್ತೇ ದಾಖಲಾಗ್ಲಿ, ರಕ್ತ ಕೊಡಬೇಕು. ಆ ನಿಲುವಂಗಿ ಮತ್ತೆ ಹೀಗೇ ಮೈಮೇಲೆ ಬಂದ್ರೆ ಹೃದಯ ತಡೆಯಲ್ಲ. ಅದನ್ನ ನಾನು ನಾಟಕದ ಮಾತಾಗಿ ಹೇಳ್ತಿಲ್ಲ."

ಪೆಟಾರಿ ಕೈ ಚಾಚಿ ಗುಳಿಗೆಯನ್ನು ಮತ್ತೆ ಜೇಬಿಗೆ ಹಾಕಿಕೊಂಡ. ಆಮೇಲೆ ಅದೂ ಸರಿಯಲ್ಲವೆನಿಸಿ ಹೊರಗೆ ತೆಗೆದ. ಎಲ್ಲಿಡಬೇಕೆಂದು ತಿಳಿಯದೆ ಆ ದಿನವೆಲ್ಲ ಮುಷ್ಟಿಯಲ್ಲೇ ಹಿಡಿದುಕೊಂಡಿದ್ದ.

ಅವರಿವರ ರಕ್ತ ದೊರೆಯ ಮೈಗೆ ಇಳಿಯಿತು. ಡಾಕ್ಟರು ಊಹಿಸಿದ್ದು ಪರೀಕ್ಷೆಯಲ್ಲಿಯೂ ನಿಜವಾಯಿತು. ಇತ್ತ ಪೆಟಾರಿ ನಿಲುವಂಗಿಯ ಲೈನಿಂಗನ್ನು ಪೂರ್ತಿ ಕಿತ್ತು ಎಸೆದು, ಒಗೆದ ಹತ್ತಿಬಟ್ಟೆ ಹಾಕಿ ಹೊಲಿದ. ನಾಟಕದ ಮನೆಯ ಮಾಳಿಗೆಯಲ್ಲಿ ಮಖಮಲ್ಲನ್ನು ಗಾಳಿಗೆ, ಬಿಸಿಲಿಗೆ ಹರವಿದ. ವರ್ಷಗಳಿಂದ ಮುಚ್ಚಿದ್ದ ಕಿಟಕಿಗಳನ್ನು ತೆರೆದ. ಬಿಸಿಲಿಗೆ ನೇರಳೆ ಬಣ್ಣ ಮಾಸಿತು. ತೆರೆದ ಕಿಟಕಿಯಿಂದ ಬೆಳಕು ಬಂತು, ಗಾಳಿ ಬಂತು, ಬರಬೇಕಾದ ಇನ್ನೊಬ್ಬರೂ ಬಂದರು.

ದೊರೆ ಗುಣವಾದ. ದೇವರು ದೊಡ್ಡವನು ಎಂದಳು ಹೆಂಡತಿ. ಮೆಟ್ಟಿಲನ್ನು ಅವನು ಶಿಳ್ಳೆ ಹಾಕಿಕೊಂಡು ಹತ್ತುತ್ತಿದ್ದ. ದೂರಿನ ಕಿಟಕಿಗೆ ಜನ ಮರಳಿ ಬಂದು, ಹಿಂದಿನ ವಾರಗಳದ್ದನ್ನೂ ಸೇರಿಸಿ ಬೈದರು.

ಮತ್ತೆ ಆಟ ಶುರುವಾದ ದಿನ ಸಭಾಂಗಣ ತುಂಬಿತ್ತು. ಬಟ್ಟಲು ಕುಡಿದ, ಕಂಬ ಹಿಡಿದ, "ಸಾವು" ಎಂದು ನಿಂತ. ಕೆನ್ನೆ ಸೇಬಿನ ಹಾಗಿತ್ತು. ಎದೆಯೊಳಗೆ ಉಸಿರು ತುಂಬಿಕೊಂಡು ಹೊರಬರಲು ಕಾಯುತ್ತಿತ್ತು. ಬೇಕೆಂದೇ ಏದುಸಿರು ಬಿಟ್ಟ. ಮೊದಲ ಸಾಲಿನಲ್ಲಿ ಯಾರೋ ಕೆಮ್ಮಿದರು. ಆಮೇಲೆ ಎಲ್ಲರೂ ಕೆಮ್ಮಿದರು. ಅವನು ಬಿದ್ದಾಗ ಹಿಂದಿನಿಂದ ಒಂದು ದನಿ ಸ್ಪಷ್ಟವಾಗಿ ಕೇಳಿಸಿತು: "ಏಳಪ್ಪ, ಸೋಮವಾರ ಕೆಲಸಕ್ಕೆ ಹೋಗ್ಬೇಕಲ್ಲ."

ಯಜಮಾನರು ಒಳ್ಳೆಯವರು, ಮಾತನ್ನು ಸುತ್ತಿ ಹೇಳಿದರು. "ನೀವು ಆರೋಗ್ಯವಾಗಿರೋದು ನಮಗೆಲ್ಲ ಸಂತೋಷ. ಆದ್ರೆ ಅದು ಕೊನೇ ಸಾಲಿನವರೆಗೂ ಕಾಣ್ತಾ ಇದೆ." ಆಮೇಲೆ ವಿಷಯಕ್ಕೆ ಬಂದರು. ಬರುವ ತಿಂಗಳು ರಾಜಧಾನಿಯಿಂದ ದೊಡ್ಡವರು ಆಟ ನೋಡಲು ಬರುತ್ತಾರೆ. ಒಪ್ಪಿಗೆಯಾದರೆ ಅಲ್ಲಿಯ ದೊಡ್ಡ ರಂಗದಲ್ಲಿ ಆಟ. ಅಷ್ಟರಲ್ಲಿ ಸಾವು ಹಳೆಯ ಹದಕ್ಕೆ ಬಾರದಿದ್ದರೆ ಮಂತ್ರಿಯ ಪಾತ್ರದವನಿಗೆ ನಿಲುವಂಗಿ ಕೊಡಬೇಕಾಗುತ್ತದೆ. "ನಿಮಗೇನೂ ತೊಂದ್ರೆ ಇಲ್ಲ," ಎಂದರು. "ಬಾಗಿಲು ಖಾಲಿ ಇದೆ."

ಮರುದಿನ ಮಧ್ಯಾಹ್ನ ದೊರೆ ಉಡುಪಿನ ಕೋಣೆಗೆ ಹೋದ. ಪೆಟಾರಿ ಕಿಟಕಿಯ ಬಳಿ ಕೂತು, ಕನ್ನಡಕ ಮೂಗಿನ ತುದಿಗಿಳಿಸಿ, ನಿಲುವಂಗಿಯ ತೋಳಿಗೆ ಸೂಜಿ ಹಾಕುತ್ತಿದ್ದ. ತೋಳಿನಲ್ಲಿ ತೂತು ಬಿದ್ದಿತ್ತು. ಬೆರಳು ತೂರುವಷ್ಟು.

"ನುಸಿ ಬಂತಾ?" ಎಂದ ದೊರೆ.

"ಬಂತು. ಮನೆ ಮಂದಿ ಸಮೇತ ಬಂದಿದೆ. ಕೂತ್ಕೋ."

ದೊರೆ ಪೆಟ್ಟಿಗೆಯೊಂದರ ಮೇಲೆ ಕೂತ. ಅಟ್ಟದ ಕಡೆ ನೋಡಿದ. "ಆ ಗುಳಿಗೆ ಡಬ್ಬಿ ಇನ್ನೂ ಇದೆಯಲ್ಲ ಭಾವ."

"ಇದೆ. ಎಸೆದ್ರೆ ಯಾವ ಕೂಸಾದ್ರೂ ಪೆಪ್ಪರಮೆಂಟು ಅಂತ ಬಾಯಿಗೆ ಹಾಕ್ಕೊಂಡೀತು. ಅದಕ್ಕೇ ಬೀಗ ಹಾಕಿ ಇಟ್ಟಿದ್ದೀನಿ."

"ಒಂದು ಹಿಡಿ ಪುಡಿ ಮಾಡು. ಕುತ್ತಿಗೆ ಹತ್ರ ಮಾತ್ರ. ದೊಡ್ಡೋರು ನೋಡಿ ಹೋಗೋ ತನಕ. ಆಮೇಲೆ ಕಿತ್ತು ಹಾಕು."

ಸೂಜಿ ನಿಂತಿತು. "ನನ್ನ ತಂಗಿಗೆ ಗೊತ್ತಾ ಇದು?"

"ಅವಳಿಗೆ ಹೇಳಿದ್ರೆ ಡಾಕ್ಟರಿಗೆ ಹೇಳ್ತಾಳೆ. ಸ್ವಲ್ಪ ಬಿಳಚಿಕೊಂಡ್ರೆ ಸಾಕು ಭಾವ, ಪೂರ್ತಿ ಬೇಡ. ಉಸಿರು ಎರಡನೇ ಸಾಲಲ್ಲಿ ನಿಂತ್ರೆ ಸಾಕು."

"ನಿಲ್ಸು. ನೀನೇ ನಿಲ್ಸು. ಬದುಕಿರೋನು ಸಾಯೋ ಹಾಗೆ ಕಾಣ್ಲಿ ಅಂತಾನೇ ಅಲ್ವಾ ನಾಟಕ ಕಟ್ಟಿರೋದು?"

ದೊರೆ ತನ್ನ ಅಂಗೈ ನೋಡಿಕೊಂಡ. ಅದು ಕೆಂಪಗೆ, ಬೆಚ್ಚಗೆ ಇತ್ತು.

"ಅದು ನನಗೆ ಬರಲ್ಲ ಭಾವ," ಎಂದ. "ಯಾವತ್ತೂ ಬಂದಿರ್ಲಿಲ್ಲ. ಬರತ್ತೆ ಅಂತ ಅಂದ್ಕೊಂಡಿದ್ದೆ, ಅಷ್ಟೇ. ಅರ್ಧ ಆಯುಷ್ಯ ಬಾಗಿಲಲ್ಲಿ ನಿಂತು, ಯಾರೋ ಬಂದಿದ್ದಾರೆ, ಯಾರೋ ಬಂದಿದ್ದಾರೆ ಅಂತ ಕೂಗಿದೆ. ಒಂದು ಸಲ ನಾನೇ ಬಂದೆ. ಮತ್ತೆ ಬಾಗಿಲಿಗೆ ಕಳಿಸ್ತೀಯಾ?"

ಪೆಟಾರಿ ಮತ್ತೆ ಸೂಜಿ ಹಾಕತೊಡಗಿದ. ಹೊರಗೆ ರಸ್ತೆಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು. ದೊರೆ ಎದ್ದು ಬಂದು ಅವನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ನಿಲುವಂಗಿಯ ತೋಳನ್ನು ಹಿಡಿದು ತೂತನ್ನು ಬೆಳಕಿಗೆ ತೋರಿಸಿದ.

"ನಿನ್ನ ಕೈಯಲ್ಲಿ ಯಾವತ್ತೂ ಆಗದೇ ಇದ್ದದ್ದು ಇದು. ನೋಡು. ಇವತ್ತು ತೋಳು, ನಾಳೆ ಬೆನ್ನು. ಬರೋ ವರ್ಷಕ್ಕೆ ಇದರಲ್ಲಿ ಉಳಿಯೋದು ಜರಿ ಒಂದೇ. ಪುಡಿ ಹಾಕಿದ್ರೆ ನಿನ್ನ ನಿಲುವಂಗಿನೂ ಉಳಿಯತ್ತೆ, ನನ್ನ ಪಾತ್ರನೂ ಉಳಿಯತ್ತೆ. ಇಬ್ಬರಿಗೂ ಒಳ್ಳೇದು."

ಪೆಟಾರಿ ತೂತಿನೊಳಗೆ ಬೆರಳು ತೂರಿಸಿ, ಆ ಕಡೆ ಬಂದ ಬೆರಳ ತುದಿಯನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಬೆರಳು ತೆಗೆದು, ದಾರವನ್ನು ಹಲ್ಲಿನಲ್ಲಿ ಕಡಿದ.

"ತಿನ್ನಲಿ," ಎಂದ. "ಪೂರ್ತಿ ತಿನ್ನಲಿ. ನಾನು ಕೊಡಲ್ಲ."